ಇಂಗ್ಲಿಷು ವಾಕ್ಯದಲ್ಲಿ ಪರಭಾಷೆಯ ಪದಪುಂಜಗಳು: ಒಂದು ಔಚಿತ್ಯವಿಚಾರ

ಇಂಗ್ಲಿಷು ವಾಕ್ಯವು ತನ್ನ ನಡೆಯಲ್ಲಿ ಸಾಗುತ್ತಿರುವಾಗ ನಡುವೆ 'ಮ್ಯುಟಾಟಿಸ್ ಮ್ಯುಟಾಂಡಿಸ್' ಎಂಬ ಲ್ಯಾಟಿನ್ ನುಡಿಯೋ 'ರೆಜೋಂ ದೆತ್ರ್' ಎಂಬ ಫ್ರೆಂಚು ನುಡಿಯೋ ಓರೆಯಚ್ಚಿನಲ್ಲಿ ತಲೆದೋರುವುದು ಆ ಸಾಹಿತ್ಯದ ಓದುಗರಿಗೆಲ್ಲ ಪರಿಚಿತವಾದ ಸಂಗತಿ. ಇದು ಗುಣವೋ ದೋಷವೋ ಎಂಬ ವಿವಾದಕ್ಕೆ ನಾಲ್ಕು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಉಭಯಪಕ್ಷಗಳ ವಾದವನ್ನೂ ಪರಿಶೀಲಿಸಿ ನಿರ್ಣಯಕ್ಕೆ ಆಧಾರವಾಗತಕ್ಕ ಸೂತ್ರವಾವುದೆಂಬುದನ್ನು ಗೊತ್ತುಮಾಡುವುದು ಪ್ರಕೃತ ವಿಷಯ.

ಮೊದಲು ವಿಷಯವಿಭಾಗ ಅವಶ್ಯಕ. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನಿಂದ ಬಂದ 'ಜಸ್ಟಿಸ್', 'ಪಾರ್ಲಿಮೆಂಟ್' ಮೊದಲಾದ ಶಬ್ದಗಳು ಇಂಗ್ಲಿಷಿನ ಉಚ್ಚಾರಣೆಯನ್ನೂ ಪ್ರತ್ಯಯಗಳನ್ನೂ ತಳೆದು ತದ್ಭವಗಳಂತೆ ಮನೆಮಕ್ಕಳಾಗಿವೆ. ಅವುಗಳ ವಿಷಯದಲ್ಲಿ ವಿವಾದವಿಲ್ಲ. ಓರೆಯಚ್ಚನ್ನು ಬಿಡದೆ, ಅತಿಥಿಗಳಾಗಿಯೇ ಉಳಿದ ಪದಪುಂಜಗಳು ಮಾತ್ರ ವಿಚಾರಾರ್ಹವಾದವು.

ಪೂರ್ವಪಕ್ಷವು ಪ್ರಾಚೀನವಾದುದು. 1553ರಲ್ಲಿ ಪ್ರಕಟವಾದ ತನ್ನ ಅಲಂಕಾರಗ್ರಂಥದಲ್ಲಿ ಥಾಮಸ್ ವಿಲ್ಸನ್ನನು ಲ್ಯಾಟಿನ್ ಬೆರಸಿದ ಆಡಂಬರದ ಬರವಣಿಗೆಯನ್ನು ಹಾಸ್ಯಮಾಡಿದನು. 1557ರ ಪತ್ರದಲ್ಲಿ ಸರ್ ಜಾನ್ ಚೀಕನು ಇಂಗ್ಲಿಷನ್ನು ಪರಭಾಷೆಯ ಬೆರಕೆಯಿಲ್ಲದೆ ಬರೆಯಬೇಕೆಂದು ಪ್ರತಿಪಾದಿಸಿದನು. ಆದರೆ ಆತನು ಬೈಬಲ್ಲಿನ ಭಾಗವನ್ನು ಭಾಷಾಂತರಿಸುವಾಗ ಶತಾಧಿಪತಿಗೆ ನೂರೆಂಬ ದೇಶ್ಯಶಬ್ದದಿಂದಲೇ ಹೊಸ ಹೆಸರನ್ನು ಕಟ್ಟಿದನು. ಅದು ಭಾಷೆಯಲ್ಲಿ ನಿಲ್ಲಲಿಲ್ಲ. ಕೇವಲ ಅಚ್ಚಗನ್ನಡದಲ್ಲಿ ಕಾವ್ಯವನ್ನು ರಚಿಸಿದ ಆಂಡಯ್ಯನ ಮಾರ್ಗವು ಮೆಚ್ಚಿಕೆಗೆ ಪಾತ್ರವಾದರೂ ಹೆದ್ದಾರಿಯಾಗದುದನ್ನು ಬಲ್ಲ ಕನ್ನಡಿಗರಿಗೆ ಇದು ಆಶ್ಚರ್ಯಕರವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಪಕ್ಷಕ್ಕೆ ಇಬ್ಬರು ಪ್ರಬಲರು ದೊರೆತರು. 1926ರ ಪ್ರಯೋಗಕೋಶದಲ್ಲಿ ಎಚ್. ಡಬ್ಲ್ಯು. ಫೌಲರನು, ಫ್ರೆಂಚು ಬಲ್ಲೆನೆಂದು ಮೆರೆಯುವುದು ಐಶ್ವರ್ಯವನ್ನು ಮೆರೆಯುವುದಕ್ಕಿಂತಲೂ ಕೀಳೆಂಬ ಅಭಿಪ್ರಾಯವನ್ನು ತಿಳಿಸಿದನು. 1946ರಲ್ಲಿ ರಾಜಕೀಯವನ್ನೂ ಇಂಗ್ಲಿಷು ಭಾಷೆಯನ್ನೂ ಕುರಿತು ಬರೆದ ಪ್ರಬಂಧದಲ್ಲಿ ಜಾರ್ಜ್ ಆರ್ವೆಲನು ಇಂಥ ಪದಪುಂಜಗಳು ಸಂಸ್ಕಾರದ ಸೋಗಿಗಾಗಿ ಬರುವುವೆಂದೂ, ಕೆಲವು ಸಂಕ್ಷೇಪಾಕ್ಷರಗಳ ಹೊರತು ಅವುಗಳ ಅಗತ್ಯವೇ ಇಲ್ಲವೆಂದೂ ವಾದಿಸಿದನು. ಫೌಲರನ ಮಾತು ಬರೆಯುವವನ ಶೀಲವನ್ನು ಕುರಿತದ್ದು, ಅದು ಯಥಾರ್ಥ. ಆರ್ವೆಲನ ಪಟ್ಟಿಯಲ್ಲಾದರೋ 'ಕಲ್ ಡ ಸ್ಯಾಕ್' ಎಂಬುದೂ 'ಮ್ಯುಟಾಟಿಸ್ ಮ್ಯುಟಾಂಡಿಸ್' ಎಂಬುದೂ ಒಂದೇ ಸಾಲಿನಲ್ಲಿ ಕುಳಿತಿವೆ. ಮುಂದೆ ದಾರಿಯಿಲ್ಲದ ಬೀದಿಗೆ ಮೊದಲನೆಯದು ಇಂಗ್ಲೆಂಡಿನ ಪಟ್ಟಣವಾಸಿಗಳೆಲ್ಲರಿಗೂ ತಿಳಿದ ಹೆಸರು. ಎರಡನೆಯದು ವಿದ್ಯಾವಂತರಲ್ಲಿಯೂ ಹಲವರಿಗೆ ತೊಡಕು. ಮೂಲಭಾಷೆಯನ್ನು ನೋಡಿ ದೋಷವನ್ನು ಹೇಳಿದುದರಿಂದ ಈ ಅವ್ಯವಸ್ಥೆ ಉಂಟಾಯಿತು.

ನೋಡಬೇಕಾದುದು ಶ್ರೋತೃವನ್ನು. ಒಂದು ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾದ ಶಬ್ದವನ್ನು ಕಾವ್ಯದಲ್ಲಿ ಪ್ರಯೋಗಿಸುವುದನ್ನು ಮಮ್ಮಟನು 'ಅಪ್ರತೀತ'ವೆಂಬ ದೋಷವೆಂದು ಗಣಿಸಿರುವನು; ಹೇಳುವವನೂ ಕೇಳುವವನೂ ಇಬ್ಬರೂ ತಜ್ಞರಾದಲ್ಲಿ ಅದೇ ಗುಣವೆಂದೂ ಹೇಳಿರುವನು. ಈ ಸೂತ್ರವನ್ನು ಅನ್ವಯಿಸಿದರೆ ವಿವಾದವು ಬಹುಮಟ್ಟಿಗೆ ಪರಿಹಾರವಾಗುತ್ತದೆ. ತಾರ್ಕಿಕನು ತಾರ್ಕಿಕನಿಗೆ 'ರಿಡಕ್ಷಿಯೋ ಆಡ್ ಅಬ್ಸರ್ಡಮ್' ಎಂದರೆ ಒಂದು ವಾದಕ್ರಮವೆಲ್ಲ ಮೂರು ಮಾತಿನಲ್ಲಿ ಅಡಗಿತು. ಅದನ್ನೇ ಪತ್ರಿಕೆಯ ಸಾಮಾನ್ಯ ವಾಚಕನಿಗೆ ಹೇಳಿದರೆ ಅರ್ಥವೂ ತಲುಪಲಿಲ್ಲ, ವಾಚಕನಿಗೆ ಅವಮಾನವೂ ಆಯಿತು.

ನ್ಯಾಯಸ್ಥಾನದಲ್ಲಿ ಇದರ ಪರಿಣಾಮವು ಹೆಚ್ಚು ಗುರುತರವಾದುದು. 1362ರ ಶಾಸನವು ಇಂಗ್ಲೆಂಡಿನಲ್ಲಿ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಿಧಿಸಿತು. ದಾಖಲೆಗಳು ಲ್ಯಾಟಿನ್ನಿನಲ್ಲಿಯೇ ಉಳಿದು, 1733ರಲ್ಲಿ ಜಾರಿಗೆ ಬಂದ ಶಾಸನದಿಂದ ಅವೂ ಇಂಗ್ಲಿಷಾದುವು. ಆದರೂ ಲ್ಯಾಟಿನ್ ನುಡಿಗಳು ಹೋಗಲಿಲ್ಲ. 1999ರಲ್ಲಿ ಜಾರಿಗೆ ಬಂದ ಸಿವಿಲ್ ವ್ಯವಹಾರ ನಿಯಮಗಳು 'ಎಕ್ಸ್ ಪಾರ್ಟಿ', 'ಇನ್ ಕ್ಯಾಮರಾ' ಎಂಬವುಗಳ ಸ್ಥಾನದಲ್ಲಿ ಸುಲಭವಾದ ಇಂಗ್ಲಿಷು ಮಾತುಗಳನ್ನು ತಂದುವು. ತನ್ನ ಸ್ವತ್ತಿನ ತೀರ್ಪು ತನಗೇ ತಿಳಿಯದೆ ನಿಂತ ವ್ಯಾಜ್ಯಗಾರನ ದೃಷ್ಟಿಯಿಂದ ಇದು ನ್ಯಾಯವಾದ ಮಾರ್ಪಾಡು. ಭಾರತದ ಸಂವಿಧಾನದ 32ನೆಯ ಅನುಚ್ಛೇದವು 'ಹೇಬಿಯಸ್ ಕಾರ್ಪಸ್', 'ಮ್ಯಾಂಡಮಸ್' ಮೊದಲಾದವನ್ನು ಉಳಿಸಿಕೊಂಡಿದೆ. ಅವು ನಿರ್ದಿಷ್ಟವಾದ ಆಜ್ಞೆಗಳ ಸಂಜ್ಞೆಗಳಾದುದರಿಂದ ಇಲ್ಲಿ ಆಕ್ಷೇಪಣೆಗೆ ಎಡೆ ಕಡಿಮೆ.

ಇನ್ನು ಚ್ಯುತಸಂಸ್ಕೃತಿ. 'ನೋಂ ದ ಪ್ಲ್ಯೂಮ್' ಎಂಬುದು ಇಂಗ್ಲಿಷರೇ ಕಟ್ಟಿದ ಫ್ರೆಂಚು. ಫ್ರೆಂಚರಲ್ಲಿ ರೂಢವಾಗಿದ್ದುದು 'ನೋಂ ದ ಗೆರ್'. 'ಬೋನಾ ಫೈಡೀಸ್' ಎಂಬ ಏಕವಚನವನ್ನು ಕಡೆಯ ಸಕಾರದಿಂದ ಮೋಸಹೋಗಿ ಬಹುವಚನವಾಗಿ ಬಳಸುವರು. 'ಆರ್. ಎಸ್. ವಿ. ಪಿ.' ಎಂಬುದರಲ್ಲಿ 'ದಯವಿಟ್ಟು' ಎಂಬರ್ಥವು ಅಡಗಿರುವಾಗ ಅದರ ಮುಂದೆ 'ಪ್ಲೀಸ್' ಸೇರಿಸುವುದು ಸ್ಪಷ್ಟವಾದ ಪುನರುಕ್ತಿ. ಪಾಂಡಿತ್ಯವನ್ನು ತೋರಿಸಹೋಗಿ ಅದರ ಅಭಾವವನ್ನು ತೋರಿಸಿದಂತಾಗುವುದು ಇಂಥಲ್ಲಿಯೇ.

ಒಂದು ಅಪವಾದವುಂಟು. ಅನುಕರಣದಲ್ಲಿ ಯಾವ ದೋಷವೂ ದೋಷವಲ್ಲವೆಂಬುದೂ ಮಮ್ಮಟನ ಮತವೇ. ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಹೊಲೊಫರ್ನಿಸನ ಬಾಯಲ್ಲಿ ಲ್ಯಾಟಿನ್ನು ಬರದಿದ್ದರೆ ಆ ಉಪಾಧ್ಯಾಯನ ಡಾಂಭಿಕತೆ ಪ್ರಕಟವಾಗುತ್ತಿರಲಿಲ್ಲ. 1673ರಲ್ಲಿ ಮುದ್ರಿತವಾದ ಡ್ರೈಡನ್ನನ 'ಮ್ಯಾರಿಜ್ ಅ ಲಾ ಮೋಡ್' ನಾಟಕದಲ್ಲಿ ಮೆಲಾಂಥಾ ದಾಸಿಯಿಂದ ಪ್ರತಿದಿನವೂ ಹೊಸ ಫ್ರೆಂಚು ಶಬ್ದಗಳನ್ನು ತರಿಸಿಕೊಂಡು, ಅವುಗಳಿಗೆ ಪ್ರತಿಯಾಗಿ ಉಡುಗೊರೆಗಳನ್ನು ಕೊಡುವಳು. ಅಲ್ಲಿ ಪರಭಾಷೆಯ ಮಾತೇ ಹಾಸ್ಯರಸದ ಜೀವಾಳ.

ಕನ್ನಡ ಸಂಸ್ಕೃತಗಳನ್ನು ತಕ್ಕುದಲ್ಲದೆ ಸಮಾಸಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತಾಗುವುದೆಂದು ಕವಿರಾಜಮಾರ್ಗವು ಎಚ್ಚರಿಸಿದೆ. ಆ ಗ್ರಂಥವು ಸಂಸ್ಕೃತವನ್ನು ಬಿಡಹೇಳಲಿಲ್ಲ, ಸೇರುವೆಯ ಹದವನ್ನು ಹೇಳಿತು. ಇಂಗ್ಲಿಷು ಗದ್ಯವನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಯ ಬರವಣಿಗೆಯಲ್ಲಿ ಇಂಥ ನುಡಿಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಓದುವವರಿಗೆ ತಿಳಿಯುವುದೇ, ಅದಿಲ್ಲದೆ ಅರ್ಥವು ಕುಂದುವುದೇ, ಪ್ರಯೋಗವು ಶುದ್ಧವೇ. ಮೂರಕ್ಕೂ ಹೌದೆಂಬ ಉತ್ತರ ದೊರೆತಲ್ಲಿ ಅತಿಥಿಗೆ ಮಣೆ ಹಾಕಬಹುದು. ಉಳಿದೆಡೆಗಳಲ್ಲಿ ಮನೆಯ ಮಾತೇ ಮೇಲು.