ರಾಜಾದಿತ್ಯನ ‘ವ್ಯವಹಾರಗಣಿತ’ವೂ ಪ್ರೌಢಶಾಲೆಯ ಲೆಕ್ಕಗಳೂ

ಹೊಯ್ಸಳರ ಕಾಲದ, 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದವರಲ್ಲಿ ಮೊದಲಿಗನೆಂದು ಪ್ರಸಿದ್ಧನು. ಆತನ ‘ವ್ಯವಹಾರಗಣಿತ’ವು ಗದ್ಯಪದ್ಯಾತ್ಮಕವಾದುದು, ತ್ರೈರಾಶಿ, ವ್ಯಸ್ತತ್ರೈರಾಶಿ ಮೊದಲಾದವನ್ನು ಉದಾಹರಣೆಗಳೊಡನೆ ವಿವರಿಸುತ್ತದೆ. ಶಾಸ್ತ್ರವನ್ನು ದೇಶಭಾಷೆಗೆ ತಂದುದು ಅದರ ಹಿರಿಮೆ.

ಆದರೆ ಸೂತ್ರಾಭ್ಯಾಸವೊಂದೇ ವಿವೇಚನೆಯನ್ನು ಕಲಿಸಲಾರದು. ಅರಸೀಕೆರೆಯ ಸಂತೆಯಲ್ಲಿ ತೆಂಗಿನಕಾಯಿಯ ಬೆಲೆ ಕಟ್ಟಲು ತ್ರೈರಾಶಿ ಸಾಕು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರು ದೇಗುಲದ ಮದನಿಕೆಯಂತಹ ವಿಗ್ರಹವೊಂದನ್ನು ಒಬ್ಬ ಶಿಲ್ಪಿಯು 100 ದಿನಗಳಲ್ಲಿ ಕಂಡರಿಸುವನೆಂದು ಭಾವಿಸೋಣ. ವ್ಯಸ್ತತ್ರೈರಾಶಿಯ ಪ್ರಕಾರ 100 ಶಿಲ್ಪಿಗಳಿಗೆ ಒಂದೇ ದಿನ ಸಾಕು! ಗುಣಾಕಾರ ಭಾಗಾಕಾರಗಳು ಸರಿ, ಉತ್ತರ ಮಾತ್ರ ಅಸಂಗತ. ಒಂದು ಕಲ್ಲಿನ ಸುತ್ತ 100 ಉಳಿಗಳಿಗೆ ಎಡೆಯೆಲ್ಲಿ? ಸೂತ್ರವು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂದು ಕೇಳುವ ಅಭ್ಯಾಸವನ್ನೇ ಪ್ರೌಢಶಾಲೆಯ ಲೆಕ್ಕಗಳು ಬೆಳೆಸಬೇಕು. ಆಗಲೇ ‘ವ್ಯವಹಾರ’ವೆಂಬ ಹೆಸರು ಸಾರ್ಥಕವಾದೀತು.