ಸಾಣೆ ಹಿಡಿದರೂ ಕೊಯ್ಯದ ಚೈನು

‘ಮಿಷನ್ ಎಳೀತಿಲ್ಲ ಕಣಣ್ಣ’ ಎಂಬ ದೂರು ಕೊಣನೂರು, ರಾಮನಾಥಪುರದ ಕಡೆ ಚೈನ್ ಗರಗಸದಲ್ಲಿ ಮರ ಕೊಯ್ಯುವವರ ಬಾಯಲ್ಲಿ ಸದಾ ಇರುತ್ತದೆ. ಮದ್ದೂ ಸಿದ್ಧವಾಗಿಯೇ ಇದೆ: ಚೈನನ್ನು ಅಂಗಡಿಗೆ ಒಯ್ದು ಸಾಣೆ ಹಿಡಿಸು, ಆಗಲೂ ಎಳೆಯದಿದ್ದರೆ ಹೊಸ ಚೈನು ಹಾಕು, ಅದಕ್ಕೂ ಬಗ್ಗದಿದ್ದರೆ ಹೆಚ್ಚು ಸಿಸಿಯ ಮಿಷನ್ ತಗೋ. ಅರ ಹಿಡಿದು ಕೂರುವುದು ಕಾಸಿಲ್ಲದವರ ಉಪಾಯ, ಸಾಣೆ ಯಂತ್ರದ್ದೇ ಕರಾರುವಾಕ್ಕಾದ ಕೆಲಸ ಎಂಬ ನಂಬಿಕೆ ಇದರ ಬುಡದಲ್ಲಿದೆ. ಅದು ಮುಕ್ಕಾಲುಪಾಲು ತಪ್ಪು ಎಂಬುದು ನನ್ನ ವಾದ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅರಕಲಗೂಡು ತಾಲ್ಲೂಕಿನ ಈ ಭಾಗ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ರಾಮನಾಥಪುರದಲ್ಲೇ ಇದೆ. ಸೊಪ್ಪು ಹದಕ್ಕೆ ಬರುವವರೆಗೆ ಅದನ್ನು ಒಣಗಿಸುವ ಬ್ಯಾರನ್ನಿನ ಒಲೆ ಹಗಲೂ ರಾತ್ರಿ ಉರಿಯಬೇಕು, ಅದಕ್ಕೆ ಸೌದೆ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಕಡಿಯಲು 1976ರ ಮರ ಸಂರಕ್ಷಣೆ ಕಾಯ್ದೆಯಡಿ ಅನುಮತಿಯ ರಗಳೆಯೂ ಇಲ್ಲ. ಹಾಗಾಗಿ ಮಿಷನ್ನುಗಳಿಗೆ ಬಿಡುವು ಕಡಿಮೆ, ಮೊಂಡು ಚೈನಿನಲ್ಲಿ ಸುಡುವ ಪೆಟ್ರೋಲಿಗೆ ಲೆಕ್ಕವಿಟ್ಟವರೂ ಇಲ್ಲ.

ಚೈನಿನ ಒಂದೊಂದು ಹಲ್ಲನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ. ಅದರಲ್ಲಿ ಎರಡು ಭಾಗಗಳಿವೆ. ಹಿಂದಿನದು ಕೊಯ್ಯುವ ಅಂಚು. ಅದರ ಮುಂದೆ ಒಂದು ಮೊಂಡು ಗುಬ್ಬು ನಿಂತಿರುತ್ತದೆ. ಅಂಗಡಿಯವರು ಅದನ್ನು ಡೆಪ್ತ್ ಗೇಜ್ ಎನ್ನುತ್ತಾರೆ, ಕೆಲಸದವರಲ್ಲಿ ಹಲವರು ಅದಕ್ಕೆ ಹೆಸರೇ ಇಟ್ಟಿಲ್ಲ. ಅಂಚು ಮರದೊಳಗೆ ಎಷ್ಟು ಇಳಿಯಬೇಕೆಂದು ತೀರ್ಮಾನಿಸುವುದು ಈ ಗುಬ್ಬು. ಸಾಮಾನ್ಯ ಚೈನಿನಲ್ಲಿ ಗುಬ್ಬು ಅಂಚಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪವೇ 0.76, ಇದು ಅದಕ್ಕಿಂತಲೂ ಕಡಿಮೆ.

ಎಡವಟ್ಟಾಗುವುದು ಇಲ್ಲೇ. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರಾಗಿರುತ್ತದೆ. ಪ್ರತಿ ಸಲ ಮಸೆದಾಗಲೂ ಅಂಚು ಹಿಂದೆ ಸರಿಯುತ್ತದೆ, ಸರಿದಂತೆ ತಗ್ಗುತ್ತದೆ. ಗುಬ್ಬು ಮಾತ್ರ ಇದ್ದ ಎತ್ತರದಲ್ಲೇ ಇರುತ್ತದೆ. ನಾಲ್ಕೈದು ಸಲ ಮಸೆಯುವ ಹೊತ್ತಿಗೆ ಎರಡರ ನಡುವಿನ ಅಂತರ ಕರಗಿ, ಹಲ್ಲು ಎಷ್ಟೇ ಹರಿತವಿರಲಿ ಮರಕ್ಕೆ ಇಳಿಯದೆ ಮೇಲೆಯೇ ಸವರಿಕೊಂಡು ಹೋಗುತ್ತದೆ. ಚಕ್ಕೆ ಬರಬೇಕಾದಲ್ಲಿ ಹಿಟ್ಟಿನಂಥ ಪುಡಿ ಬರುತ್ತದೆ. ಓಡಿಸುವವನು ಮಿಷನ್ನನ್ನು ಒತ್ತುತ್ತಾನೆ, ಚೈನು ಸುತ್ತುವ ಬಾರ್ ಕಾಯುತ್ತದೆ, ಆಗ ‘ಎಳೀತಿಲ್ಲ’ ಎಂಬ ಮಾತು ಹುಟ್ಟುತ್ತದೆ. ಎಂಜಿನ್ನಿನದೇನೂ ತಪ್ಪಿಲ್ಲ. ಇನ್ನೊಮ್ಮೆ ಸಾಣೆ ಹಿಡಿಸಿದರೆ ಅಂಚು ಇನ್ನಷ್ಟು ತಗ್ಗಿ, ರೋಗ ಇನ್ನೂ ಒಂದು ಮೆಟ್ಟಿಲು ಏರುತ್ತದೆ ಅಷ್ಟೆ. ಹೊಸ ಚೈನು ಹಾಕಿದೊಡನೆ ಎಲ್ಲ ಸರಿಹೋಗುವುದರಿಂದ ಹಳೆಯ ಚೈನು ‘ಸತ್ತಿದೆ’ ಎಂಬ ತಪ್ಪು ತೀರ್ಪು ಗಟ್ಟಿಯಾಗುತ್ತದೆ. ಹಲ್ಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಕ್ಕು ಉಳಿದಿರುವ ಚೈನುಗಳು ಹೀಗೆ ಗುಜರಿ ಸೇರುತ್ತವೆ. ಮಸೆಯುತ್ತ ಮಸೆಯುತ್ತ ಹಲ್ಲಿನ ಉದ್ದ 4 ಮಿಲಿಮೀಟರಿಗೆ ಬರುವವರೆಗೂ ಚೈನು ಬಾಳುತ್ತದೆ.

ಸಾಣೆ ಯಂತ್ರವನ್ನು ನಾನು ಸಾರಾಸಗಟಾಗಿ ತೆಗೆದುಹಾಕುತ್ತಿಲ್ಲ. ಬೇಲಿಮರದೊಳಗೆ ಮುಚ್ಚಿಹೋದ ಮೊಳೆಗೆ ಬಡಿದ ಚೈನು, ಎಡಬಲದ ಹಲ್ಲುಗಳು ಏರುಪೇರಾಗಿ ಕೊಯ್ತ ಓರೆಯಾಗುವ ಚೈನು ಅರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂಥದ್ದಕ್ಕೆ ಯಂತ್ರವೇ ಸರಿ. ಆದರೆ ಯಂತ್ರ ಎಲ್ಲ ಹಲ್ಲುಗಳನ್ನೂ ತೀರಾ ಗಿಡ್ಡ ಹಲ್ಲಿನ ಮಟ್ಟಕ್ಕೆ ತರಬೇಕಾಗುತ್ತದೆ, ಒಂದೇ ಸಲಕ್ಕೆ ಬಹಳಷ್ಟು ಉಕ್ಕು ಹೋಗುತ್ತದೆ. ಅವಸರದಲ್ಲಿ ಒತ್ತಿದರೆ ಅಂಚು ಕಾದು ನೀಲಿಗಟ್ಟುತ್ತದೆ. ನೀಲಿಗಟ್ಟಿದ ಹಲ್ಲಿನ ಹದ ಕೆಟ್ಟಿರುತ್ತದೆ. ಗಿರಾಕಿ ಸಾಲಾಗಿ ನಿಂತಿರುವಾಗ ಹಗುರವಾಗಿ ಮುಟ್ಟಿ ಮುಟ್ಟಿ ಮಸೆಯುವ ತಾಳ್ಮೆ ಎಷ್ಟು ಅಂಗಡಿಗಳಿಗಿದೆ? ಗುಬ್ಬನ್ನು ಅಳೆಯುವ ತಗಡು ಎಷ್ಟು ಅಂಗಡಿಗಳ ಮೇಜಿನ ಮೇಲಿದೆ?

ಇನ್ನೊಂದು ತುದಿಯ ತಪ್ಪೂ ಉಂಟು. ಗುಬ್ಬಿನ ಗುಟ್ಟು ಕೇಳಿದ ಹುಡುಗರು ಅದನ್ನು ಕಣ್ಣಂದಾಜಿನಲ್ಲಿ ಸವೆಸಿ ‘ಈಗ ನೋಡಿ ಹೆಂಗೆ ನುಗ್ತದೆ’ ಎನ್ನುತ್ತಾರೆ. ನುಗ್ಗುತ್ತದೆ, ನಿಜ. ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಮುಖದ ಕಡೆಗೆ ಒದೆಯುವುದೂ ಅದೇ ಚೈನು. ಗುಬ್ಬಿನ ವಿಷಯದಲ್ಲಿ ಕಣ್ಣನ್ನು ನಂಬಬಾರದು; ತಗಡು ಇಟ್ಟು ಚಪ್ಪಟೆ ಅರದಿಂದ ಎರಡೇ ಉಜ್ಜು.

ಅರವೇ ಸಾಕು ಎನ್ನಲು ಈ ಹಲ್ಲಿನ ಹುಟ್ಟನ್ನೇ ನೋಡಿ. ಅಮೆರಿಕದ ಆರೆಗಾನಿನ ಜೋ ಕಾಕ್ಸ್ ಎಂಬ ಮರ ಕಡಿಯುವವನು ಮರ ಕೊರೆಯುವ ಹುಳುವಿನ ದವಡೆ ನೋಡಿ ಈಗಿನ ಬಗೆಯ ಹಲ್ಲು ರೂಪಿಸಿ, 1947ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಮಾರಲು ತೊಡಗಿದ. ಅದಕ್ಕೆ ಮುಂಚಿನ ಚೈನುಗಳು ಕೈಗರಗಸದ ಹಾಗೆ ಮರವನ್ನು ಗೀರುತ್ತಿದ್ದವು, ಅವುಗಳ ಬಗೆಬಗೆಯ ಹಲ್ಲು ಮಸೆಯುವುದೇ ಒಂದು ಶಿಕ್ಷೆ. ಕಾಕ್ಸನ ಹಲ್ಲಿಗೆ ಒಂದು ಗುಂಡು ಅರ ಸಾಕು. ಕಾಡಿನಲ್ಲಿ ದಿಮ್ಮಿಯ ಮೇಲೆ ಕೂತು ಮಸೆಯಬಹುದಾದ್ದನ್ನು ನಾವು ಬಸ್ಸಿನಲ್ಲಿ ಅಂಗಡಿಗೆ ಹೊರುತ್ತಿದ್ದೇವೆ.

ಅರ ಸರಿಯಾದ ಅಳತೆಯದಿರಬೇಕು: .325 ಪಿಚ್ಚಿನ ಚೈನಿಗೆ 4.8 ಮಿಲಿಮೀಟರ್, ಸಣ್ಣ ಮಿಷನ್ನಿನ ತಗ್ಗು ಚೈನಿಗೆ 4. ಅರದ ದಪ್ಪದ ಐದನೇ ಒಂದು ಪಾಲು ಹಲ್ಲಿನ ನೆತ್ತಿಗಿಂತ ಮೇಲಿರಲಿ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಬೇಕು. ಪೆಟ್ರೋಲ್ ತುಂಬುವಾಗಲೆಲ್ಲ ಹಲ್ಲಿಗೆರಡು ಉಜ್ಜು ಕೊಟ್ಟರೆ ಚೈನು ಮೊಂಡಾಗುವ ಮಾತೇ ಬರುವುದಿಲ್ಲ. ನೆಲದ ಮೇಲೆ ಎಳೆದು ತಂದ, ಕೆಮ್ಮಣ್ಣು ಮೆತ್ತಿದ ನೀಲಗಿರಿಗಂತೂ ಇದಕ್ಕೆ ಬದಲಿಲ್ಲ.

ಚನ್ನರಾಯಪಟ್ಟಣದ ಕಡೆ ಒಣಗಿದ ತೆಂಗಿನ ಮರ ಸೀಳಿ ತೊಲೆ ತೆಗೆಯುವವರ ಕಷ್ಟ ಬೇರೆ. ತೆಂಗಿನ ಹೊರಮೈ ಕಲ್ಲಿನಂತೆ, ಅದರಲ್ಲಿನ ಸಿಲಿಕಾ ಹಲ್ಲನ್ನು ತಿನ್ನುತ್ತದೆ. ಅಡ್ಡ ಕೊಯ್ಯಲೆಂದು 30 ಡಿಗ್ರಿಗೆ ಮಸೆದ ಚೈನಿನಲ್ಲೇ ಉದ್ದಕ್ಕೂ ಸೀಳುತ್ತಾರೆ. ಸೀಳುವುದೇ ಕಸುಬಾದರೆ ಒಂದು ಚೈನನ್ನು 10 ಡಿಗ್ರಿಗೆ ಮಸೆದು ಅದಕ್ಕೆಂದೇ ಇಟ್ಟುಕೊಳ್ಳುವುದು ಲಾಭ.

ಅರದಿಂದ ಮಸೆಯುವುದು ಇಷ್ಟು ಸುಲಭವಾದರೆ ಕೆಲಸದವರು ಯಾಕೆ ಮಾಡುವುದಿಲ್ಲ? ಸೋಮಾರಿತನ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಕೂಲಿ ಟನ್ನಿನ ಲೆಕ್ಕದಲ್ಲಿ. ಅರ ಹಿಡಿದು ಕೂತ ಹತ್ತು ನಿಮಿಷಕ್ಕೆ ಯಾರೂ ಕಾಸು ಕೊಡುವುದಿಲ್ಲ, ಕೂತವನನ್ನು ಕಂಡರೆ ಗುತ್ತಿಗೆದಾರನ ಹುಬ್ಬು ಗಂಟಾಗುತ್ತದೆ. ಚೈನಿನ ಖರ್ಚು ಮಿಷನ್ ಮಾಲೀಕನದು, ಮೈಕೈ ನೋವು ಓಡಿಸುವವನದು. ಹೀಗಿರುವಾಗ ಮಸೆಯುವ ಹೊತ್ತನ್ನೂ ಕೂಲಿಯಲ್ಲಿ ಸೇರಿಸಿ, ಅರ ಮತ್ತು ತಗಡನ್ನು ಪೆಟ್ರೋಲಿನ ಜೊತೆಗೇ ಕೊಟ್ಟು ಕಳಿಸಬೇಕಾದವನು ಮಾಲೀಕ. ಹೊಸ ಮಿಷನ್ನಿಗೆ ದುಡ್ಡು ಹೊಂದಿಸಲು ಅವನು ಓಡಾಡುವುದು ಆಮೇಲಿನ ಮಾತು.