ಹಡಗಿಗೆ ಜಪ್ತಿ, ನಾವಿಕನಿಗೆ ಕಾವಲು

ಸಿಂಗಪುರದ ಈಸ್ಟ್ ಕೋಸ್ಟ್ ದಂಡೆಯಲ್ಲಿ ವಾಕಿಂಗ್ ಹೋಗುವ ನಮಗೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಹೊಸತಲ್ಲ. ದೀಪ ಹತ್ತಿದಾಗ "ಎಷ್ಟು ಚೆಂದ" ಎಂದು ಮುಂದೆ ನಡೆಯುತ್ತೇವೆ. ಅವುಗಳೊಳಗೆ ಯಾರಿದ್ದಾರೆ ಎಂದು ಕೇಳುವ ಪುಸ್ತಕ ರೋಸ್ ಜಾರ್ಜ್ ಅವರ 'ಡೀಪ್ ಸೀ ಆಂಡ್ ಫಾರಿನ್ ಗೋಯಿಂಗ್' (2013). ಲೇಖಕಿ 2010ರಲ್ಲಿ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋದಲ್ಲಿ 'ಮಾರ್ಸ್ಕ್ ಕೆಂಡಲ್' ಎಂಬ ಕಂಟೇನರ್ ಹಡಗು ಹತ್ತಿ ನಮ್ಮ ಸಿಂಗಪುರದವರೆಗೂ ಬಂದವರು.

ನಿವೃತ್ತಿಯ ಅಂಚಿನ ಕ್ಯಾಪ್ಟನ್, ಅಡುಗೆಮನೆ, ಕಡಲ್ಗಳ್ಳರ ಭಯ ಎಲ್ಲವೂ ಇಲ್ಲಿ ಜೀವಂತ. ನಮಗೆ ಹೆಚ್ಚು ಹಿಡಿಸಿದ್ದು ಇಮ್ಮಿಂಗ್‌ಹ್ಯಾಮ್ ಬಂದರಿನ ನಾವಿಕರ ಸೇವಾಕೇಂದ್ರದ ಅಧ್ಯಾಯ. ಬರೀ ಪ್ರವಾಸಕಥನವಾಗಬಹುದಾಗಿದ್ದ ಪುಸ್ತಕವನ್ನು ಅದು ಉಳಿಸಿದೆ.

ಆದರೂ ಒಂದು ತಕರಾರು. ಮಾರ್ಸ್ಕ್ ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು. ಅಲ್ಲಿ ತಿಂಗಳಾದರೆ ಸಂಬಳ ಬರುತ್ತದೆ. ಅಂಥ ಹಡಗಿನ ಅಟ್ಟದ ಮೇಲೆ ನಿಂತವರಿಗೆ ಸಮುದ್ರದ ಬಿರುಗಾಳಿ ಕಂಡಷ್ಟು ಮಾರುಕಟ್ಟೆಯ ಬಿರುಗಾಳಿ ಕಾಣುವುದಿಲ್ಲ. ಧಾನ್ಯ, ಅದಿರು, ಕಲ್ಲಿದ್ದಲು ಸಾಗಾಟದ ದರ ತೋರಿಸುವ ಬಾಲ್ಟಿಕ್ ಡ್ರೈ ಸೂಚ್ಯಂಕ 2008ರ ಮೇನಲ್ಲಿ 11,793ಕ್ಕೆ ಏರಿತ್ತು. ಡಿಸೆಂಬರ್ ಹೊತ್ತಿಗೆ 663! ಕಂಟೇನರ್ ಹಡಗುಗಳ ಗತಿಯೂ ಬೇರೆಯಾಗಲಿಲ್ಲ. ಒಳ್ಳೆಯ ಕಾಲದಲ್ಲಿ ಆರ್ಡರ್ ಕೊಟ್ಟ ಹಡಗುಗಳು ಕೆಟ್ಟ ಕಾಲದಲ್ಲಿ ಸಿದ್ಧವಾಗಿ ಬಂದವು. ಸರಕು ಕಡಿಮೆ, ಹಡಗು ಜಾಸ್ತಿ. ಈ ಸರಪಳಿಗೆ ಪುಸ್ತಕ ಕೊಟ್ಟಿರುವ ಜಾಗ ಸಾಲದು.

ಅದರ ಪರಿಣಾಮ ಕಂಡದ್ದು ಪುಸ್ತಕ ಬಂದ ಮೂರು ವರ್ಷಕ್ಕೆ. ಕೊರಿಯಾದ ಹಂಜಿನ್ ಶಿಪ್ಪಿಂಗ್, ಜಗತ್ತಿನ ಏಳನೆಯ ದೊಡ್ಡ ಕಂಟೇನರ್ ಕಂಪನಿ, 2016ರ ಆಗಸ್ಟ್ 31ರಂದು ಕೋರ್ಟಿನ ಮೊರೆ ಹೋಯಿತು. ಶುಲ್ಕ ಬರುವ ಭರವಸೆಯಿಲ್ಲದೆ ಹಲವು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. 'ಹಂಜಿನ್ ರೋಮ್' ಜಪ್ತಿಯಾದದ್ದು ಇದೇ ಸಿಂಗಪುರದ ನೀರಿನಲ್ಲಿ. 2017ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯೆಂದು ಘೋಷಿತವಾಯಿತು.

ಕಾನೂನಿನ ಭಾಷೆಯಲ್ಲಿ ಹಡಗನ್ನೇ 'ಅರೆಸ್ಟ್' ಮಾಡುತ್ತಾರೆ. ತಮಾಷೆಯೆಂದರೆ, ಅರೆಸ್ಟಾದ ಹಡಗನ್ನೂ ಯಾರಾದರೂ ನೋಡಿಕೊಳ್ಳಬೇಕು. ಲಂಗರು, ಜನರೇಟರ್, ಬೆಂಕಿಯ ಎಚ್ಚರಕ್ಕೆ ಇಷ್ಟು ಜನ ಇರಲೇಬೇಕೆಂಬ ನಿಯಮವಿದೆ. ನಮ್ಮ ಸಾಫ್ಟ್‌ವೇರ್ ಕಂಪನಿ ಮುಚ್ಚಿದರೆ ಬ್ಯಾಡ್ಜ್ ಒಪ್ಪಿಸಿ ಮನೆಗೆ ಬರುತ್ತೇವೆ. ನಾವಿಕ ಹಾಗೆ ಇಳಿಯಲಾರ. ಹಡಗು ಹರಾಜಾದರೆ ಅಡವಿಟ್ಟುಕೊಂಡ ಬ್ಯಾಂಕಿಗಿಂತ ಮೊದಲು ಅವನ ಸಂಬಳದ ಬಾಕಿ ತೀರಬೇಕೆಂದು ಕಾನೂನೇನೋ ಹೇಳುತ್ತದೆ. ಹರಾಜಾಗುವ ತನಕ? ಸಂಬಳವಿಲ್ಲದೆ, ಸಾಲ ಕೊಟ್ಟವರ ಅಡವನ್ನು ಅವನೇ ಕಾಯಬೇಕು. ಮುಂದೊಂದು ಆವೃತ್ತಿ ಬಂದರೆ ಈ ವಿಷಯಕ್ಕೊಂದು ಅಧ್ಯಾಯ ಬೇಕೆಂಬುದು ನಮ್ಮ ಬಯಕೆ.

2017ರ ಜನವರಿಯಿಂದ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ಊರಿಗೆ ಮರಳುವ ಖರ್ಚಿಗೂ ಹಡಗಿನ ಮಾಲೀಕರು ವಿಮೆಯಂಥ ಭದ್ರತೆ ಇಡಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದಿದೆ. ಹಾಗಿದ್ದೂ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ 2024ರಲ್ಲಿ ಮಾಲೀಕರು ನಡುನೀರಿನಲ್ಲಿ ಕೈಬಿಟ್ಟ ನಾವಿಕರು ಮೂರು ಸಾವಿರಕ್ಕೂ ಹೆಚ್ಚು; ಅವರಲ್ಲಿ ಭಾರತೀಯರದೇ ದೊಡ್ಡ ಪಾಲು. ಮಂಗಳೂರು, ಉಡುಪಿ ಕಡೆಯ ನಮ್ಮ ಸದಸ್ಯರಿಗೆ "ಮಗ ಶಿಪ್ಪಿನಲ್ಲಿದ್ದಾನೆ" ಎಂಬ ಮಾತು ಪರಿಚಿತ. ಅವರು ಈ ಪುಸ್ತಕವನ್ನು ಇಮ್ಮಿಂಗ್‌ಹ್ಯಾಮ್ ಅಧ್ಯಾಯದಿಂದಲೇ ಓದಲು ಶುರುಮಾಡಬಹುದು.